ಮನೆ ಹತ್ತಿರದ ಕಾಲೇಜು

ಗುಬ್ಬಿಯಲ್ಲಾಗಲಿ ಕುಣಿಗಲ್ಲಿನಲ್ಲಾಗಲಿ, ಯಾರ ಮಕ್ಕಳು ಲಾ ಓದಬೇಕೆಂದರೂ ಮೊದಲು ಬರುವುದು ತುಮಕೂರು ಕೋರ್ಟಿನ ವಕೀಲ ರೇಣುಕಾಪ್ರಸಾದರ ಮೇಜಿಗೆ. ಕೇಳದವರಿಗೂ ಅವರು ಸಲಹೆ ಕೊಡುತ್ತಾರೆ. ಛಾಪಾಕಾಗದ ಕೊಳ್ಳಲು ಬಂದವರನ್ನೂ ಬಿಡುವುದಿಲ್ಲ. ಸೈಬರ್ ಕಾನೂನಿರಲಿ, ತೆರಿಗೆ ಕಾನೂನಿರಲಿ, ಉತ್ತರ ಒಂದೇ: “ಯಾವ ಕಾಲೇಜಾದ್ರೇನು, ಮನೆ ಹತ್ರ ಇರೋದಕ್ಕೆ ಸೇರ್ಸಿ. ಮಿಕ್ಕಿದ್ದು ಕೋರ್ಟೇ ಕಲಿಸುತ್ತೆ.” ತುಮಕೂರಿನದೇ ಸತ್ಯಮಂಗಲದ ಕಾರ್ಖಾನೆಗಳ ಕೆಲಸಗಾರರ ಪರ ವಾದಿಸಬೇಕು, ಅದಕ್ಕೆ ಕಾರ್ಮಿಕ ಕಾನೂನನ್ನೇ ವಿಶೇಷವಾಗಿ ಓದಬೇಕು ಎಂದಿದ್ದ ಮಗಳು ಸುಮನಾಗೆ ಧಾರವಾಡದಲ್ಲಿ ಸೀಟು ಸಿಕ್ಕಾಗಲೂ ಇದನ್ನೇ ಹೇಳಿ, ಮನೆ ಹತ್ತಿರದ ಹೊಸ ಕಾಲೇಜೊಂದಕ್ಕೆ ಸೇರಿಸಿದರು. ಅಲ್ಲಿ ಆ ವಿಷಯದ ಪಾಠ ಮಾಡುವವರು ಕೊನೆಯವರೆಗೂ ಬರಲಿಲ್ಲ. ಬೇರೆ ವಿಷಯ ತೆಗೆದುಕೊಳ್ಳಲು ಕಾಲೇಜಿನವರು ಹೇಳಿದರು. ಈಗ ಸುಮನಾ ಅಪ್ಪನ ಪಕ್ಕದಲ್ಲೇ ಕುಳಿತು ಅಫಿಡವಿಟ್ ಬರೆಯುತ್ತಾಳೆ. ಮೊನ್ನೆ ಕುಣಿಗಲ್ಲಿನ ತಾಯಿಯೊಬ್ಬರು ಮಗಳನ್ನು ಕರೆತಂದಾಗ ರೇಣುಕಾಪ್ರಸಾದರು ಎಂದಿನಂತೆ ಶುರುಮಾಡಿದರು. ಸುಮನಾ ತಲೆಯೆತ್ತದೆ ಹೇಳಿದಳು: “ಅಮ್ಮ, ಬೇಕಾದ ಸಬ್ಜೆಕ್ಟ್ ಪಾಠ ಮಾಡೋರು ಇದಾರಾ ಅಂತ ಮೊದ್ಲು ಕೇಳಿ. ನಮ್ಮಪ್ಪ ಕೇಳ್ಲಿಲ್ಲ.”