ನಸ್ಯದ ಕೈಯಲ್ಲಿ ಹೇಳಿದ ಪಾಠ

ನಾನು ಸಾತನೂರಿನ ಹತ್ತಿರದ ಹಳ್ಳಿಯೊಂದಕ್ಕೆ ಮೇಷ್ಟ್ರಾಗಿ ಹೋದ ಮೇಲೆ ಬಂದ ಮೊದಲ ಬೇಸಿಗೆ ರಜೆ ಅದು. ಆಗ ಮೈಸೂರು ಮಹಾರಾಜರ ಆಳ್ವಿಕೆ. ಕನಕಪುರವನ್ನು ಕಾನಕಾನಹಳ್ಳಿ ಎನ್ನುತ್ತಿದ್ದ ಕಾಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಹಾಗೆಯೇ, ರಜೆಗೆ ಊರಿಗೆ ಹೋಗದೆ, ಮಕ್ಕಳು ಕಲಿತದ್ದನ್ನು ಮರೆಯಬಾರದೆಂದು ಮನೆಮನೆಗೆ ಹೋಗಿ ಪಾಠ ಹೇಳುತ್ತಿದ್ದೆ.

ಎಲ್ಲರಿಗಿಂತ ಚುರುಕಾದವಳು ಮರೀಗೌಡರ ಮಗಳು ಚಿಕ್ಕತಾಯಿ. ಹತ್ತು ವರ್ಷದ ಹುಡುಗಿ, ತಾಯಿ ಇರಲಿಲ್ಲ. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹುಳುಗಳಿಗೆ ಹಾಕುವುದು ಅವಳ ಕೆಲಸ. ರಜೆ ಮುಗಿದ ಮೇಲೂ ಅವಳನ್ನು ಶಾಲೆಗೆ ಕಳಿಸುವುದಿಲ್ಲ ಎಂದು ಗೌಡರು ಹೇಳಿಬಿಟ್ಟಿದ್ದರು. ನಾನು ಪಟ್ಟು ಬಿಡಲಿಲ್ಲ. ಅವಳು ಸೊಪ್ಪು ಹೆಚ್ಚುವಾಗಲೇ ಕೂತು ಪಾಠ ಹೇಳುತ್ತೇನೆ, ಕೆಲಸ ನಿಲ್ಲುವುದಿಲ್ಲ ಎಂದೆ. ಕೊನೆಗೆ ಒಪ್ಪಿದರು, ಹೀಗೇ ಕೆಲಸ ಸಾಗಿದರೆ ಶಾಲೆಯ ಮಾತನ್ನೂ ನೋಡೋಣ ಎಂದರು. ಆದರೆ ಹುಳುಗಳಿಗೆ ಏನಾದರೂ ಆದರೆ ಪಾಠವೂ ಇಲ್ಲ, ಶಾಲೆಯೂ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಹುಳು ಇರುವ ಮನೆಯೊಳಕ್ಕೆ ಹೊರಗಿನವರನ್ನು ಬಿಡುವ ಪದ್ಧತಿಯೇ ಇಲ್ಲ. ನನ್ನನ್ನು ಮಾತ್ರ ಕೈಕಾಲು ತೊಳೆಸಿ ಒಳಗೆ ಬಿಡುತ್ತಿದ್ದರು.

ಒಂದು ಮಧ್ಯಾಹ್ನ ಗೌಡರು ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. ಪಾಠದ ನಡುವೆ ನನ್ನ ಹಾಳು ನಸ್ಯದ ಚಟ ಎಳೆಯಿತು. ಹೊರಗೆ ಹೋಗಿ ಒಂದು ಚಿಟಿಕೆ ಏರಿಸಿ, ಪಂಚೆಗೆ ಬೆರಳು ಒರೆಸಿಕೊಂಡು ಒಳಗೆ ಬಂದೆ. ಅಂದು ಭಿನ್ನರಾಶಿಯ ಲೆಕ್ಕ. ಸೊಪ್ಪಿನ ಎಲೆಗಳನ್ನೇ ಹರಿದು ಅರ್ಧ, ಕಾಲು, ಮುಕ್ಕಾಲು ತೋರಿಸಿದೆ. ಅವಳು ಥಟ್ಟನೆ ಉತ್ತರ ಹೇಳುತ್ತಿದ್ದರೆ ನನಗೆ ಹಿಗ್ಗೋ ಹಿಗ್ಗು. ಹರಿದ ಎಲೆಗಳನ್ನು ಅವಳು ಒಂದು ಬಿದಿರು ತಟ್ಟೆಯ ಹುಳುಗಳಿಗೆ ಹಾಕಿದಳು.

ಸ್ವಲ್ಪ ಹೊತ್ತಿಗೆ ಆ ತಟ್ಟೆಯ ಹುಳುಗಳು ತಲೆ ಎತ್ತಿ ಒದ್ದಾಡತೊಡಗಿದವು. ಬಾಯಿಂದ ಹಸಿರು ನೀರು ಬರುತ್ತಿತ್ತು. ಚಿಕ್ಕತಾಯಿ ನನ್ನ ಬೆರಳುಗಳನ್ನು ನೋಡಿದಳು.

“ನಸ್ಯ ಮುಟ್ಟಿದ್ರಾ ಮೇಷ್ಟ್ರೇ? ಹೊಗೆಸೊಪ್ಪು ಹುಳಕ್ಕೆ ಇಸ.”

ನನ್ನನ್ನು ಹೊರಗೆ ಕಳಿಸಿ, ಅವಳು ಒಬ್ಬಳೇ ಆ ಎಲೆಗಳನ್ನೆಲ್ಲ ಆರಿಸಿ ತೆಗೆದಳು. ತಟ್ಟೆಯನ್ನು ಗಾಳಿಗೆ ಜಗಲಿಯಲ್ಲಿಟ್ಟು ಹೊಸ ಸೊಪ್ಪು ಹಾಕಿದಳು. ಹುಳುಗಳು ಅದನ್ನು ಮೂಸಲೂ ಇಲ್ಲ. ಅಷ್ಟರಲ್ಲಿ ಗೌಡರು ಸೊಪ್ಪಿನ ಹೊರೆ ಹೊತ್ತು ಬಂದರು. ತಟ್ಟೆ ನೋಡಿ ಹೊರೆಯನ್ನು ಕೆಳಗೆ ಎಸೆದು, ಏನಾಯಿತೆಂದು ಕೇಳಿದರು.

“ನಾನೇ ಕಣಪ್ಪ, ನೋಡ್ದೆ ಒದ್ದೆ ಸೊಪ್ಪು ಹಾಕ್ಬುಟ್ಟೆ,” ಎಂದಳು ಚಿಕ್ಕತಾಯಿ.

ನಾನು ಆಗಲೇ ಬಾಯಿ ತೆರೆಯಬೇಕಿತ್ತು. ಇಡೀ ಊರೇ ಕೈಮುಗಿಯುವ ಮೇಷ್ಟ್ರು ತಪ್ಪು ಒಪ್ಪಿಕೊಳ್ಳುವುದು ಹೇಗೆಂದು ಹಿಂದೆಮುಂದೆ ನೋಡಿದೆ. ಅಷ್ಟರಲ್ಲಿ ಗೌಡರ ಕೈ ಅವಳ ಕೆನ್ನೆಗೆ ಬಿದ್ದಿತ್ತು.

ಆಮೇಲೆ ಹೇಳಿದೆ, ನಸ್ಯದ ಡಬ್ಬಿಯನ್ನೂ ತೋರಿಸಿದೆ. ಗೌಡರು ನನ್ನ ಕಡೆ ತಿರುಗಲೇ ಇಲ್ಲ. ಮಗಳನ್ನೇ ನೋಡುತ್ತಾ, ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದರು.

“ಮೇಷ್ಟ್ರು ಬರೋದು ನಿಂತೋಗ್ತದಲ್ಲ, ಅದ್ಕೆ.”

ಗೌಡರು ತಟ್ಟೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ನಾವು ಮೂವರೂ ಹುಳುಗಳನ್ನೇ ನೋಡುತ್ತಾ ಕೂತೆವು. ಒಂದೊಂದೇ ಹುಳು ಮುದುಡಿಕೊಳ್ಳುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಒಂದು ಹುಳು ಮೆಲ್ಲಗೆ ಹೊಸ ಎಲೆಯ ಮೇಲೆ ಹತ್ತಿತು. ಹಿಂದೆಯೇ ಇನ್ನೊಂದು. ಒಂದಷ್ಟು ಸತ್ತವು, ಹೆಚ್ಚಿನವು ಉಳಿದುಕೊಂಡವು.

“ನಾಳೆಯಿಂದ ಒಳೀಕೆ ಬರಬ್ಯಾಡಿ ಮೇಷ್ಟ್ರೇ,” ಎಂದರು ಗೌಡರು. ನಾನು ತಲೆ ತಗ್ಗಿಸಿ ಎದ್ದೆ. “ಜಗಲಿ ಮ್ಯಾಲೇ ಕೂತ್ಕಳಿ. ಅವ್ಳು ಬಾಗಿಲತಾವ ಕೂತು ಸೊಪ್ಪು ಹೆಚ್ಚಲಿ.”

ರಜೆ ಮುಗಿದು ಶಾಲೆ ತೆರೆದ ದಿನ ಎಲ್ಲರಿಗಿಂತ ಮೊದಲು ಬಂದವಳು ಚಿಕ್ಕತಾಯಿ. ರಜೆಯಲ್ಲೂ ಪಾಠ ಹೇಳಿದ ಮೇಷ್ಟ್ರು ಎಂದು ಆ ಊರಿನವರು ಇಂದಿಗೂ ನನ್ನನ್ನು ಹೊಗಳುತ್ತಾರೆ. ಹೊಗಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ನನಗೆ ಬೀಳಬೇಕಾಗಿದ್ದ ಏಟನ್ನು ಆ ಮಗು ತಿಂದಿತು, ನಾನು ನೋಡುತ್ತಾ ನಿಂತಿದ್ದೆ.