ಗುಂಡಯ್ಯ ಮುಚ್ಚಿಟ್ಟ ಗಾಡಿ

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಗುಂಡಯ್ಯನ ಕುಶನ್ ಅಂಗಡಿ ಯಾರಿಗೆ ಗೊತ್ತಿಲ್ಲ? ಆಟೋ ಬರಲಿ, ಟ್ರ್ಯಾಕ್ಟರ್ ಬರಲಿ, ಮದುವೆಗೆ ಕೊಡುವ ಸೋಫಾ ಬರಲಿ, ಅದಕ್ಕೊಂದು ಕವರ್ ಹೊಲಿದು ಕಳಿಸುವುದೇ ಆತನ ಬಾಳು. ಹೊಲಿದೂ ಹೊಲಿದೂ ಆ ಬುದ್ಧಿ ಅಂಗಡಿಯಿಂದ ಮನೆಗೂ ಬಂದುಬಿಟ್ಟಿತ್ತು. ಟಿವಿಗೆ ಕವರ್, ಮಿಕ್ಸಿಗೆ ಕವರ್, ಫ್ರಿಜ್ಜಿನ ಹಿಡಿಗೂ ಕವರ್. ಸ್ಕೂಟರಿನ ಸೀಟಿಗೆ ಷೋರೂಮಿನವರು ಹಾಕಿಕೊಟ್ಟ ಪ್ಲಾಸ್ಟಿಕ್ಕನ್ನು ಅವನು ಇವತ್ತಿಗೂ ತೆಗೆದಿಲ್ಲ. ಬಿಸಿಲಲ್ಲಿ ಕೂತರೆ ತೊಡೆ ಚುರ್ ಎನ್ನುತ್ತದೆ. ಸುಟ್ಟರೆ ತೊಡೆ ಸುಡಲಿ, ಸೀಟು ಚೆನ್ನಾಗಿರಲಿ ಎನ್ನುವ ಪೈಕಿ ಅವನು.

ಹೆಂಡತಿ ದಾಕ್ಷಾಯಣಮ್ಮನದು ಇನ್ನೊಂದು ಹಟ. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸದೆ ಆಕೆಯ ಗಂಟಲಲ್ಲಿ ಒಂದು ಗುಟುಕು ನೀರೂ ಇಳಿಯದು. ಕಂಡವರ ಬಚ್ಚಲು, ಲಾಡ್ಜಿನ ನೆಲ ಎಂದರೆ ಮೈ ಮುದುಡಿಕೊಳ್ಳುತ್ತಿದ್ದಳು. ಹಾಗಾಗಿ ತವರಾದ ಬಾಗೂರು ಬಿಟ್ಟರೆ ಬೇರೆಲ್ಲೂ ಒಂದು ರಾತ್ರಿ ತಂಗಿದವಳಲ್ಲ. ಆದರೆ ಶ್ರೀಶೈಲ ನೋಡಬೇಕೆಂಬ ಆಸೆ ಮಾತ್ರ ಮದುವೆಯಾದಂದಿನಿಂದ ಇತ್ತು. ಈಚೆಗೆ ಮಂಡಿನೋವು ಶುರುವಾಗಿ, ಇನ್ನು ಮೆಟ್ಟಿಲು ಹತ್ತುವ ಕಾಲ ಮುಗಿದೇಹೋಗುತ್ತದೇನೋ ಎಂಬ ಭಯ ಬೇರೆ ಹತ್ತಿತ್ತು.

ಗುಂಡಯ್ಯ ಇದಕ್ಕೊಂದು ಉಪಾಯ ಹೂಡಿದ. ಹಳೆಯ ಮಿನಿಬಸ್ಸೊಂದನ್ನು ತಂದು ಸೀಟೆಲ್ಲ ಕಿತ್ತು, ಹೊಸ ಬಣ್ಣ ಹೊಡೆಸಿ ಅದನ್ನೇ ಮನೆ ಮಾಡಿದ. ಒಲೆ, ಸಿಂಕು, ಪುಟ್ಟ ಬಚ್ಚಲು, ಮಲಗಲು ಹಾಸಿಗೆ, ಕಿಟಕಿಯ ಪಕ್ಕ ಪೂಜೆಗೊಂದು ಮಣೆ. ಬೀದಿಗೆ ಬೀದಿಯೇ ಬಂದು ಒಳಗೆ ಇಣುಕಿತು. ತಾಜಮಹಲಿಗಿಂತ ಇದೇ ವಾಸಿ, ಹೆಂಡತಿ ಬದುಕಿರುವಾಗಲೇ ಕಟ್ಟಿಸಿದ್ದೀಯಲ್ಲ ಎಂದು ಪಕ್ಕದ ಅಂಗಡಿಯವರು ಕಿಚಾಯಿಸಿದರು. ದಾಕ್ಷಾಯಣಮ್ಮ ಆ ಮಣೆಯನ್ನು ಸೆರಗಿನಲ್ಲಿ ಒರೆಸಿ ಒರೆಸಿ ನೋಡಿದಳು.

ಕಟ್ಟಿದ್ದೇನೋ ಆಯಿತು, ಹೊರಡಬೇಕಲ್ಲ! ಶಿವರಾತ್ರಿಗೆ ಹೋಗೋಣವೆಂದರೆ, ಜನಜಂಗುಳಿಯಲ್ಲಿ ಯಾರಾದರೂ ಬಣ್ಣ ಗೀಚಿಬಿಡುತ್ತಾರೆ ಎಂದ. ಯುಗಾದಿ ಕಳೆಯಿತು; ಬಿಸಿಲಿಗೆ ಬಣ್ಣ ಕಂದುತ್ತದೆ ಎಂದ. ಮಳೆ ಹಿಡಿಯಿತು, ಹೊಸ ಗಾಡಿಯನ್ನು ಕೆಸರಿಗಿಳಿಸುವುದೇ ಎಂದ. ಕೊನೆಗೆ ಪಟ್ಟಣದಲ್ಲಿ ನಿಲ್ಲಿಸಲು ಜಾಗವಿಲ್ಲವೆಂದು ಬಾಗೂರಿಗೆ ಒಯ್ದು ಹೆಂಡತಿಯ ಅಣ್ಣ ಈಶ್ವರಯ್ಯನ ಕಣದಲ್ಲಿ ಬಿಟ್ಟು, ಬೀಗದ ಕೈಯನ್ನೂ ಅವನಿಗೇ ಒಪ್ಪಿಸಿದ. ಅದಕ್ಕೆ ಕೈಯಾರೆ ಹೊಲಿದ ಹೊದಿಕೆ ಎಂದರೆ ನೋಡುವಂತಿತ್ತು: ಹೊರಗೆ ದಪ್ಪ ಕ್ಯಾನ್ವಾಸು, ಒಳಗೆ ಬಣ್ಣ ಉಜ್ಜದಂತೆ ಮೆತ್ತನೆ ಬಟ್ಟೆ, ಪಕ್ಕಗಳಲ್ಲಿ ಗಾಳಿಯಾಡಲು ಜಾಲರಿ. ಪ್ಲಾಸ್ಟಿಕ್ ಮಾತ್ರ ಹೊದಿಸಬೇಡಿ ಭಾವ, ಒಳಗೆಲ್ಲ ಬೆವರುತ್ತದೆ ಎಂದು ಹತ್ತು ಸಲ ಹೇಳಿ ಬಂದ. ಈಶ್ವರಯ್ಯ ಹತ್ತು ಸಲವೂ ತಲೆಯಾಡಿಸಿದ.

ದೀಪಾವಳಿ ಮುಗಿದ ಮೇಲೆ ಗಂಡ ಹೆಂಡತಿ ಬಾಗೂರಿಗೆ ಹೋದರು. ಕಣದಲ್ಲಿ ಗಾಡಿಯೇ ಇಲ್ಲ! ಇದ್ದದ್ದು ಎರಡು ಹುಲ್ಲಿನ ಮೆದೆ. ಹತ್ತಿರ ಹೋಗಿ ನೋಡಿದರೆ ಒಂದು ಮೆದೆಯ ಕೆಳಗೆ ಚಕ್ರ ಕಾಣುತ್ತಿತ್ತು. ಮೇಲೆ ಕರೀ ಪ್ಲಾಸ್ಟಿಕ್ ಟಾರ್ಪಾಲು, ಅದರ ಮೇಲೆ ಹಗ್ಗ, ಹಗ್ಗಕ್ಕೆ ಕಲ್ಲು, ಟಾರ್ಪಾಲಿನ ಅಂಚಿಗೆ ಸೊಳ್ಳೆಯೂ ನುಸುಳದಂತೆ ಮೆತ್ತಿದ ಮಣ್ಣು. ರಾಗಿಹುಲ್ಲಿನ ಮೆದೆಗೆ ಅಪ್ಪ, ತಾತ ಮಾಡಿಕೊಂಡು ಬಂದದ್ದನ್ನೇ ಈಶ್ವರಯ್ಯ ಬಸ್ಸಿಗೂ ಮಾಡಿದ್ದ. ಬಟ್ಟೆಯ ಹೊದಿಕೆ ಮಳೆನೀರು ಕುಡಿಯುತ್ತಿತ್ತಂತೆ. ಅದನ್ನು ಬಿಚ್ಚಿ, ಕರುಗಳಿಗೆ ಥಂಡಿಯಾಗದಿರಲಿ ಎಂದು ಕೊಟ್ಟಿಗೆಗೆ ಪರದೆ ಕಟ್ಟಿದ್ದ.

ಗುಂಡಯ್ಯ ಟಾರ್ಪಾಲು ಎಳೆದು ಬಾಗಿಲು ತೆಗೆದ. ನಾತ ಮುಖಕ್ಕೆ ಹೊಡೆಯಿತು. ಒಳಗೆ ಆಲೂಗಡ್ಡೆ ಮೂಟೆಗಳು! ಅರ್ಧ ಕೊಳೆತು ರಸ ಹರಿದಿತ್ತು. ಉಳಿದರ್ಧ ಮೊಳೆತು, ಬಿಳಿಚಿಕೊಂಡ ಕುಡಿಗಳು ಸಿಂಕಿನವರೆಗೂ ಹತ್ತಿದ್ದವು. ಹಾಸಿಗೆಗೆ ಬೂಷ್ಟು, ಒಲೆಗೆ ತುಕ್ಕು. ಪೂಜೆಯ ಮಣೆಯ ಪ್ಲೈವುಡ್ಡು ಉಬ್ಬಿ ಪದರ ಪದರವಾಗಿ ಎದ್ದಿತ್ತು.

ಈಶ್ವರಯ್ಯನೂ ಪೆಚ್ಚಾಗಿ ನಿಂತಿದ್ದ. "ಮನೆ ಅಂದ್ಮೇಲೆ ಬರಿದು ಬುಡಬಾರ್ದು ಕಣ್ರೀ ಗುಂಡಯ್ನೋರೆ. ತಂಗಿ ಮನೆ ತುಂಬಿರ್ಲಿ ಅಂತ ಹೊಸ ಬೆಳೆ ತಂದು ಇಟ್ಟೆ" ಎಂದ.

ಕಳ್ಳನಾಗಿದ್ದರೆ ಹಿಡಿದು ಬಡಿಯಬಹುದಿತ್ತು. ಪ್ರೀತಿಯಿಂದ ಹಾಳು ಮಾಡಿದವನನ್ನು ಏನು ಮಾಡುವುದು? ಅದೂ ಹೆಣ್ಣು ಕೊಟ್ಟ ಮನೆಯವನನ್ನು! ಈಶ್ವರಯ್ಯನ ಹೆಂಡತಿ ಕಾಫಿ ತಂದುಕೊಟ್ಟರು. ಗುಂಡಯ್ಯ ಸಿಟ್ಟಿನ ಜೊತೆಗೇ ಅದನ್ನೂ ಕುಡಿದ. ಮೂಟೆಗಳನ್ನು ತಿಪ್ಪೆಗೆ ಎಳೆದು ಹಾಕಿ ಬಂದು, ಎಲ್ಲ ಕಿತ್ತು ಹೊಸದಾಗಿ ಹಾಕುತ್ತೇನೆ, ಬರುವ ಶಿವರಾತ್ರಿಗೆ ಹೋದರಾಯಿತು ಎಂದು ಹೆಂಡತಿಗೆ ಹೇಳಿದ.

ದಾಕ್ಷಾಯಣಮ್ಮ ಅಳಲಿಲ್ಲ. ಪಟ್ಟಣದ ಮಠಕ್ಕೆ ಬರುವ ಹೆಂಗಸರು ಕಾರ್ತಿಕದಲ್ಲಿ ಬಸ್ಸು ಮಾಡಿಕೊಂಡು ಶ್ರೀಶೈಲಕ್ಕೆ ಹೋಗುತ್ತಿದ್ದಾರೆ, ತಾನೂ ಹೋಗುತ್ತೇನೆ ಎಂದಳು. ಗುಂಡಯ್ಯ ಕಣ್ಣು ಕಣ್ಣು ಬಿಟ್ಟ. ಸ್ನಾನ? ಪೂಜೆ? ಮಿಕ್ಕವರು ಹೇಗೆ ಮಾಡಿಕೊಳ್ಳುತ್ತಾರೋ ಹಾಗೆ ಎಂದಳು. ಅಷ್ಟು ಹೊತ್ತು ಅದುಮಿಟ್ಟಿದ್ದ ಸಿಟ್ಟೆಲ್ಲ ಆಗ ಆಕೆಯ ಮೇಲೆ ತಿರುಗಿತು. ಯಾರಿಗೋಸ್ಕರ ಇಷ್ಟು ಸತ್ತೆ, ನಿಮ್ಮಣ್ಣ ಮಾಡಿದ್ದಕ್ಕೆ ನನಗ್ಯಾಕೆ ಶಿಕ್ಷೆ ಎಂದು ಕಣ ಕಿತ್ತುಹೋಗುವಂತೆ ಕೂಗಾಡಿದ.

"ನಮ್ಮಣ್ಣ ಮುಚ್ಚಿದ್ದು ಮಳೆಗಾಲ್ದಲ್ಲಿ ಮಾತ್ರ ಕಣ್ರೀ. ಅದಕ್ಕೂ ಮುಂಚಿಂದ ಮುಚ್ಚಿಟ್ಟಿದ್ದೋರು ನೀವು. ಬರೋ ಶಿವರಾತ್ರಿಗಂಟ ನನ್ ಮಂಡಿ ಕಾಯ್ತದಾ?"

ಆಕೆ ಸೋಮವಾರ ಬಸ್ಸು ಹತ್ತಿದಳು.

ಅವನು ಅಂಗಡಿಗೆ ಬೀಗ ಹಾಕಿ ಬಾಗೂರಿನಲ್ಲೇ ಉಳಿದ. ಸೋಡಾ ಪುಡಿ ಹಾಕಿ ತೊಳೆದ, ಸುಣ್ಣ ಚೆಲ್ಲಿದ, ಬೇವಿನ ಹೊಗೆ ಹಾಕಿದ. ನಾತ ಜಪ್ಪಯ್ಯ ಎಂದರೂ ಹೋಗದು. ಒಂದು ಚೂರು ಮೋಡ ಕಂಡರೆ ಸಾಕು, ಈಶ್ವರಯ್ಯ ಟಾರ್ಪಾಲು ಹೊತ್ತು ಓಡಿಬರುತ್ತಿದ್ದ. ಬೇಡ ಭಾವ, ನಿಮ್ಮ ದಮ್ಮಯ್ಯ ಬೇಡ ಎಂದು ಹೇಳೀ ಹೇಳೀ ಗುಂಡಯ್ಯನ ಗಂಟಲು ಒಣಗಿತು, ಗಾಡಿ ಒಣಗಲಿಲ್ಲ.

ಹಾಗೆ ಉಜ್ಜುತ್ತಿದ್ದಾಗಲೇ ಶ್ರೀಶೈಲದಿಂದ ಫೋನು ಬಂತು. ಪೂಜೆ ಆಯಿತೇ, ಹೊಟ್ಟೆಗೇನಾದರೂ ತೆಗೆದುಕೊಂಡೆಯಾ ಎಂದು ಗುಂಡಯ್ಯ ಮೊದಲು ಅದನ್ನೇ ಕೇಳಿದ. ಬಚ್ಚಲಿಲ್ಲದೆ, ಮಣೆಯಿಲ್ಲದೆ ಆಕೆ ಒದ್ದಾಡುತ್ತಿರುತ್ತಾಳೆ, ಗಾಡಿಯಿದ್ದಿದ್ದರೆ ಎನ್ನುತ್ತಾಳೆ ಎಂದು ಅವನ ಲೆಕ್ಕ. ಹಾಗೆನ್ನಲಿ ಎಂಬ ಆಸೆಯೂ ಇತ್ತು.

"ದರ್ಶನ ಆಯ್ತು, ಪೂಜೇನೂ ಆಯ್ತು, ಊಟಾನೂ ಆಯ್ತು. ಛತ್ರದ ಮೂಲೇಲಿ ಕೂತ್ಕಂಡು ಮಾಡ್ಕಂಡೆ, ಯಾರೂ ತಿರುಗ್ ಕೂಡ ನೋಡ್ನಿಲ್ಲ. ಇಷ್ಟ್ ವರ್ಸ ಸುಮ್ನೆ ಹೆದರ್ಕಂಡು ಕೂತಿದ್ದೆ ಕಣ್ರೀ."

ಆಕೆಯ ದನಿಯಲ್ಲಿ ಅವನು ಎಂದೂ ಕೇಳದ ಗೆಲುವಿತ್ತು. ಹಿಂದೆ ಹೆಂಗಸರ ನಗು ಕೇಳುತ್ತಿತ್ತು. ಗಾಡಿ ಒಣಗಿತೇ ಎಂದು ಕೇಳಲಿ ಎಂದು ಕಾದ. ಆಕೆ ಕೇಳಲಿಲ್ಲ. ಎಲ್ಲರೂ ಕೂಡಲಸಂಗಮಕ್ಕೂ ಹೋಗೋಣ ಎನ್ನುತ್ತಿದ್ದಾರೆ, ಬರುವುದು ತಡವಾಗುತ್ತದೆ ಎಂದು ಹೇಳಿ ಫೋನಿಟ್ಟಳು.

ಏನಂತೆ ಎಂದು ಈಶ್ವರಯ್ಯ ಕೇಳಿದ. ಇನ್ನೂ ಮುಂದಕ್ಕೆ ಹೋಗುತ್ತಾಳಂತೆ ಎಂದ ಗುಂಡಯ್ಯ. ಕೈಯಲ್ಲಿದ್ದ ಬ್ರಷ್ಷನ್ನು ಬಕೆಟ್ಟಿಗೆ ಅದ್ದಿದ, ಆದರೆ ಉಜ್ಜಲು ಯಾವ ಜಾಗವನ್ನು ಹಿಡಿದಿದ್ದೆ ಎಂಬುದೇ ಅವನಿಗೆ ಮರೆತುಹೋಗಿತ್ತು.