ಸಣ್ಣ ನಡುವಿನ ಹಲಗಿ

ಮೊನ್ನೆ ಪಿಂಚಣಿ ಕಾಗದ ಹುಡುಕಾಕ ಟ್ರಂಕ್ ತೆಗೆದೆ. ಕಾಗದದ ಕಟ್ಟಿಗೆ ಸುತ್ತಿದ್ದ ದಾರ ಕೈಗೆ ಬಂತು. ಮೂರು ಗಂಟಿನ ದಾರ. ಮೇಣ ಹತ್ತಿ ಬಿರುಸಾಗಿತ್ತು. ಮೂಗಿಗೆ ಹಿಡಿದ್ರ ಇನ್ನೂ ಸ್ವಲ್ಪ ವಾಸನಿ ಐತಿ. ಇಪ್ಪತ್ತು ವರ್ಷದ ಮ್ಯಾಲಾತು... ಬಡಿಗೇರ ಅಣ್ಣ ನೆನಪಾದ.

ಒಡಹುಟ್ಟಿದ ಅಣ್ಣ ಅಲ್ಲ. ಮಕ್ತಲ್ ಹತ್ರ ನಮ್ಮೂರಿನ ಬಡಿಗ. ನೆಲ್ಲಿನ ಮಡಿ ಸಮ ಮಾಡೋ ಹಲಗಿ ಅವನಂಗ ಮಾಡೋರು ಸುತ್ತ ಹತ್ತೂರಾಗ ಇದ್ದಿದ್ದಿಲ್ಲ. ಎತ್ತು ಹಲಗಿ ಎಳೀತಿದ್ವು, ಆಳು ಅದರ ನಡುವ ನಿಂತು ಕೆಸರಿನ್ಯಾಗ ಜಾರತಿದ್ದ. ಟ್ರ್ಯಾಕ್ಟರ್ ಬಂತು, ಹಲಗಿ ಕೇಳೋರು ನಿಂತ್ರು. ಹೆಂಡ್ತಿನ್ನ ಆಕಿ ತವರಿಗೆ ಬಿಟ್ಟು, ಅಣ್ಣ ಕೂಲಿಗೆ ಕರಕೊಂಡು ಹೋಗೋ ಮೇಸ್ತ್ರಿ ಗುಂಪಿನಾಗ ಸೇರಿದ. ಗಂಡನ್ನ ಕಳಕೊಂಡ ನಾನೂ ಅದೇ ಗುಂಪಿನಾಗ ಇದ್ದೆ. ಉತ್ತರದ ಕಡಿ ಹಿಮದ ಗುಡ್ಡದ ಮ್ಯಾಲ ರಸ್ತಾ ಮಾಡಾಕ ನಮ್ಮನ್ನ ಒಯ್ದರು.

ಅಣ್ಣನ ಎದಿ ಆ ಎತ್ತರ ತಡೀಲಿಲ್ಲ. ನಾಕು ಕಲ್ಲು ಹೊತ್ತರ ಕುಂತು ಕೆಮ್ಮತಿದ್ದ. ಉಗುಳಿದ್ರ ಹಿಮದ ಮ್ಯಾಲ ಕೆಂಪಗ ಕಾಣತಿತ್ತು. ನಾನೂ ನೋಡ್ದೆ, ಅವನೂ ನೋಡ್ದ. ಕಾಲಿಂದ ಹಿಮ ಎಳದು ಮುಚ್ಚಿದ.

ರಸ್ತಾದ ಮಗ್ಗಲಕ ಒಂದು ಅಂಗಡಿ ಇತ್ತು. ಎರಡೂ ಕಾಲು ಒಂದೇ ಹಲಗಿ ಮ್ಯಾಲಿಟ್ಟು ಹಿಮದಾಗ ಜಾರತಾರಲ್ಲ, ಆ ಹಲಗಿ ಬಾಡಿಗಿ ಕೊಡೋ ಅಂಗಡಿ. ಮಾಲಕ ತಾನೂ ಪಂದ್ಯಕ್ಕ ಇಳೀತಿದ್ದ. ಚಳಿಗಾಲಕ್ಕ ಗುಂಪು ಕೆಳಗ ಹೋದಾಗ ಅವ ನಮ್ಮಿಬ್ಬರನ್ನ ಇಟ್ಕೊಂಡ. ಅಣ್ಣಗ ಕಟ್ಟಿಗಿ ಕೆಲಸ, ನನಗ ಕಸ ಹೊಡಿಯೋದು, ಹಲಗಿ ಒರಸಿ ಮೇಣ ಹಚ್ಚೋದು. ಊರಾಗ ಏನು ಮಾತಾಡಿದ್ರೋ ಗೊತ್ತಿಲ್ಲ, ಕೇಳಾಕೂ ಹೋಗಲಿಲ್ಲ.

ಗೋಡಿಗೆ ಹಲಗಿ ನಿಲ್ಲಸಾಕ ಸ್ಟ್ಯಾಂಡ್ ಬೇಕಾಗಿತ್ತು. ಹಲಗಿ ಮ್ಯಾಲ ಅಂಕಿ ಬರದಿದ್ರು, ನಮಗ ಓದಾಕ ಬರ್ತಿದ್ದಿಲ್ಲ. ಅಳತಿ ನಾ ತಗೀತಿದ್ದೆ, ದಾರಕ್ಕ ಗಂಟು ಹಾಕಿ. ಅಣ್ಣಗ ಬೇಕಾಗಿದ್ದು ದೊಡ್ಡ ಅಗಲ ಒಂದೇ. ನಾ ಮೂತಿ, ನಡು, ಹಿಂದ ಅಂತ ಮೂರು ಕಡಿ ಅಳೀತಿದ್ದೆ. ನಾರಾಯಣಪೇಟಿ ಮಗ್ಗದ ಮನ್ಯಾಗ ಹುಟ್ಟಿದಾಕಿ ನಾ. ಸೀರಿ ನಡುವ ಎಳಕೊಂಡು ಸಣ್ಣ ಆಗೈತೇನಂತ ನಮ್ಮವ್ವ ಮೂರು ಕಡಿ ಅಳದು ನೋಡತಿದ್ಳು. ಆ ಚಾಳಿ ಹೋಗಲಿಲ್ಲ.

ಬಾಡಿಗಿ ಹಲಗಿ ಮೂರೂವರಿ ಮೊಳ ಉದ್ದ, ನಡು ಒಂದು ಗೇಣು ಮೂರು ಬೆರಳು, ಎರಡೂ ತುದಿ ದುಂಡಗ. ಕಾಲಿಟ್ಟು ಒತ್ತಿದ್ರ ಬಾಗತಿದ್ವು. ಪಂದ್ಯದ್ದು ಬ್ಯಾರೆನೇ. ನಾಕು ಮೊಳ ಉದ್ದ, ಬಾಗೋ ಮಾತೇ ಇಲ್ಲ. ಮೂತಿ ಸ್ವಲ್ಪೇ ಎದ್ದಿತ್ತು, ಹಿಂದ ಕೊಯ್ದಂಗ ಮೊಂಡ. ನಡು ನನ್ನ ಒಂದೇ ಗೇಣು. ಹಿಂದಕ್ಕ ಎರಡು ಬೆರಳು ಹೆಚ್ಚು, ಮೂತಿಗೆ ಮೂರು ಬೆರಳು ಹೆಚ್ಚು. ಮಾಲಕ ಅಡ್ಡ ನಿಂತರ ಬೂಟು ಹೊರಗ ಬರತಿತ್ತು. ಅದಕ್ಕ ಕಾಲು ಮೂತಿ ಕಡಿ ಓರಿ ಮಾಡಿ ಇಡತಿದ್ದ.

ಒಂದಿನ ಅವನ ಪಂದ್ಯದ ಹಲಗಿ ಅಂಚಿನ ಉಕ್ಕಿನ ಪಟ್ಟಿ ಮೂತಿ ಹತ್ರ ಎದ್ದಿತು. ಅಣ್ಣನ ಕೈಗೆ ಕೊಟ್ಟು, "ಪಟ್ಟಿ ಕೂಡಿಸಿಡು. ಮೂರು ದಿನಕ್ಕ ಬರತೀನಿ, ಬಂದ ಮ್ಯಾಲ ಪಂದ್ಯ ಐತಿ. ಕೆಲಸ ಚಲೋ ಆದ್ರ ನೀ ಕಲ್ಲಿಗೆ ಹೋಗಬ್ಯಾಡ, ವರ್ಷಪೂರ್ತಿ ಇಲ್ಲೇ ಇರು," ಅಂದ. ಆ ಸಂಜಿ ಅಣ್ಣ ಎರಡು ರೊಟ್ಟಿ ಹೆಚ್ಚಿಗಿ ತಿಂದ.

ಮರುದಿನ ಹಲಗಿ ಬೋರಲ ಹಾಕಿ ಕಣ್ಣು ಕಿರಿದು ಮಾಡಿ ನೋಡಿದ.

"ನೋಡಬೇ ತಂಗಿ, ನಡು ಎಷ್ಟು ಸವದೈತಿ. ಮನಷ್ಯಾ ನಿಂದರೋ ಜಾಗ, ಸವೀದೇ ಇರ್ತದೇನು?"

"ಮಾಲಕ ಪಟ್ಟಿ ಅಷ್ಟೇ ಅಂದಾನಲ್ಲಣ್ಣ."

"ಮಾಲಕಗ ಕುಂಡಿ ಮ್ಯಾಲ ಬೀಳಾಕ ಬರ್ತದ. ಬಾಚಿ ಹಿಡಿಯಾಕ ಬರ್ತದೇನು?"

ಮಡಿ ಹಲಗಿ ಹಂಗೇ ಸವೀತಿತ್ತು. ನಡು ಸವದ್ರ ಎರಡೂ ತುದಿ ಕೆತ್ತಿ ನೆಟ್ಟಗ ಮಾಡೋದು, ಅಣ್ಣ ಬಾಳೆಲ್ಲಾ ಮಾಡಿದ್ದು ಅದನ್ನೇ. ಆದ್ರ ಒಳಗ ಎರಡು ಹೊಸ ಪಂದ್ಯದ ಹಲಗಿ ಇದ್ವು, ಪ್ಲಾಸ್ಟಿಕ್ ಸೈತ ಬಿಚ್ಚಿದ್ದಿಲ್ಲ. ಅವನ್ನ ನಾ ಪ್ಲಾಸ್ಟಿಕ್ ಮ್ಯಾಲಿಂದನೇ ಅಳದಿದ್ದೆ. ಅವುಗಳ ನಡುನೂ ಒಂದೇ ಗೇಣು. ಹಿಮ ಮುಟ್ಟದ ಹಲಗಿ ಸವಿಯೋದು ಹೆಂಗ?

"ಅಣ್ಣಾ, ಆ ಹೊಸಾವು ಅದಾವಲ್ಲ..." ಅಂದೆ.

"ಮಗ್ಗದಾಕಿ ನೀ, ನೂಲಿನ ಮಾತು ಆಡು. ಕಟ್ಟಿಗಿ ನನಗ ಬಿಡು."

ನನಗ ಸಿಟ್ಟು ಬಂತು. ಹಾಳಾಗಿ ಹೋಗಲಿ ಅಂದ್ಕೊಂಡೆ. ಅಣ್ಣ ಪಟ್ಟಿ ಪೂರ್ತಿ ಕಿತ್ತ. ಎರಡು ದಿನ ಮೂತಿ, ಹಿಂದ ಎರಡೂ ಕೆತ್ತಿ ನಡುವಿನ ಅಳತಿಗೆ ತಂದು ಪಟ್ಟಿ ಮತ್ತ ಕೂಡಿಸಿದ. ಹಲಗಿ ಇನ್ನೊಂದು ತುದಿ ಹಿಡಕೊಂಡು ಕುಂತಾಕಿ ನಾನೇ. ಕೆಲಸ ಮಾತ್ರ ಚಲೋ ಮಾಡಿದ್ದ, ಕೂದಲಿನಷ್ಟೂ ಸಂದಿ ಇದ್ದಿದ್ದಿಲ್ಲ.

ಮಾಲಕ ಬಂದು ನೋಡಿದ. ಹೊಸದೊಂದು ಬಿಚ್ಚಿ ತಂದ. ಎರಡನ್ನೂ ಹಿಮದಾಗ ಅಂಚು ಊರಿ ಓರಿ ನಿಲ್ಲಿಸಿ, ಒತ್ತಿ ಎಳದ. ಹೊಸದು ಕುಡಗೋಲಿನಂಗ ಬಾಗಿದ ಗೆರಿ ಕೊರೀತು. ನಮ್ಮದು ನೆಟ್ಟಗ ಹೋತು. "ತಿರುವಿನ್ಯಾಗ ಹಲಗಿ ತಿರಗೋದೇ ನಡು ಸಣ್ಣ ಇರೋದಕ್ಕ, ಪಾಗಲ್!" ಅಂತ ಚೀರಿದ.

ಅಣ್ಣಗ ಯಾರೂ ಎರಡನೇ ಸಲ ಹೇಳಬೇಕಾಗಲಿಲ್ಲ. ಕುಂತು ಆ ಬಾಗಿದ ಗೆರಿ ಮ್ಯಾಲ ಬೆರಳಾಡಿಸಿದ. "ಹೌದ್ರಿ... ಹೌದು," ಅಂದ. ಕೈ ಕೆಲಸದಾವ, ನೋಡಿದ ಕೂಡಲೇ ತಿಳೀತು. ಆಮ್ಯಾಲ ನನ್ನ ಕಡಿ ತಿರುಗಿ ಕೇಳಿದ.

"ತಂಗಿ, ಹೊಸಾವು ನೀ ಅಳದಿದ್ದೆಲ್ಲ. ಅವುಗಳ ನಡುನೂ ಸಣ್ಣ ಇತ್ತೇನು?"

ಆ ಗಂಟಿನ ದಾರ ನನ್ನ ಸೊಂಟದಾಗೇ ಇತ್ತು.

"ನೋಡಿಲ್ಲಣ್ಣ," ಅಂದೆ.

ಅವತ್ತೇ ಹೊರಗ ಹಾಕಿದರು, ಇಬ್ಬರನ್ನೂ. ಹಿಮ ಕರಗಿ ಗುಂಪು ಬರೋತನಕ ರಸ್ತಾದ ಶೆಡ್ಡಿನಾಗ ಬಿದ್ದಿದ್ವಿ. ಅಣ್ಣ ನನ್ನ ಒಂದು ಮಾತೂ ಅನಲಿಲ್ಲ. ಅಂದಿದ್ರ ಚಲೋ ಇತ್ತು. ಮತ್ತ ಕಲ್ಲು ಹೊತ್ತ, ಎರಡು ತಿಂಗಳು. ಒಂದು ಮುಂಜಾನಿ ಚಾ ತಗೊಂಡು ಹೋಗಿ ಎಬ್ಬಿಸಿದೆ, ಏಳಲಿಲ್ಲ. ಅಲ್ಲೇ ಸುಟ್ಟರು.

ಅವನ ಬಾಚಿ, ಉಳಿ ತಂದು ಗದ್ವಾಲ್‌ನಾಗ ತವರುಮನಿಗೆ ಸೇರಿದ್ದ ಅವನ ಹೆಂಡ್ತಿ ಕೈಯಾಗ ಕೊಟ್ಟೆ. "ಅಂಗಡಿ ಕೆಲಸ ಸಿಕ್ಕೈತಿ, ಇನ್ನ ಕಲ್ಲಿಲ್ಲ ಅಂತ ಅವರು ಹೇಳಿ ಕಳಿಸಿದ್ರಲ್ಲಕ್ಕ. ಏನಾತು?" ಅಂದ್ಳು. "ಚಳಿ," ಅಂದೆ. ಆಕಿ ನನಗ ಊಟಕ್ಕ ಹಾಕಿದ್ಳು. ಉಂಡೆ.

ಹೋದ ವರ್ಷ ಆಕಿನೂ ಹೋದ್ಳು.

ಪಿಂಚಣಿ ಕಾಗದ ಸಿಕ್ತು. ಅದೇ ದಾರ ಸುತ್ತಿ ಮತ್ತ ಟ್ರಂಕಿನಾಗ ಇಟ್ಟೆ... ಹೊಸಾವನ್ನ ನೋಡಿದ್ದೆ ಅಂತ ಈಗ ಹೇಳಬೇಕಂದ್ರ ಮಕ್ತಲ್‌ನಾಗ ಯಾರು ಅದಾರ, ಗದ್ವಾಲ್‌ನಾಗ ಯಾರು ಅದಾರ.